ಎಡಗೈ ತುತ್ತು

“ಬೇಕಾದ್ರೆ ನನ್ನ ಬೈಯ್ಕೊ. ಮೋಸಗಾತಿ ಅಂತ ಊರಿಗೆಲ್ಲ ಸಾರ್ಕೊಂಡು ಬಾ. ಆದ್ರೆ ಕೈ ಹೆಂಗೆ ತಿರುಗ್ತದೆ ಅಂತ ನಿನ್ನ ಹೆಂಡ್ತಿ ಎದುರಿಗೆ ಬಿಡಿಸಿ ತೋರಿಸ್ಬ್ಯಾಡ.”

ಇಷ್ಟು ಹೇಳಿ ವಿಶಾಲಾಕ್ಷಮ್ಮ ಹಿತ್ತಾಳೆಯ ಕೊಳವೆಗೆ ಬೂದಿ ಹಾಕಿ ಉಜ್ಜತೊಡಗಿದಳು. ಕುಶಾಲನಗರದಾಚೆ, ಜೋಳದ ಹೊಲಗಳ ನಡುವಿನ ಹಳ್ಳಿಯಲ್ಲಿ ಆಕೆಯ ಮನೆ. ಮದ್ದು ತೆಗೆಯುವವಳೆಂದು ಹೆಸರು. ಯಾರೋ ಊಟದಲ್ಲಿ ಮದ್ದಿಟ್ಟರು, ಅಂದಿನಿಂದ ಅನ್ನ ಒಳಗೆ ನಿಲ್ಲುತ್ತಿಲ್ಲ ಎಂದು ಬರುವವರ ಹೊಕ್ಕುಳಿಗೆ ಆ ಕೊಳವೆ ಹಚ್ಚಿ ಹೀರುತ್ತಾಳೆ. ನೀರು ತುಂಬಿದ ತಟ್ಟೆಗೆ ಕಪ್ಪು ಉಂಡೆಯೊಂದನ್ನು ಉಗುಳುತ್ತಾಳೆ. ಅದೇ ಮದ್ದು. ಮೂರು ಮಂಗಳವಾರ ಹೀಗೆ ತೆಗೆದರೆ ರೋಗಿ ಉಣ್ಣುತ್ತಾನೆ.

ನಾಗಾರ್ಜುನ ನಕ್ಕ. ತುಮಕೂರಿನ ಕಡೆಯವನು, ಹನ್ನೆರಡು ವರ್ಷದಿಂದ ಜಾದೂಗಾರ. ಶಾಲೆಯಿಂದ ಶಾಲೆಗೆ ಹೋಗಿ ಪವಾಡಗಳ ಗುಟ್ಟು ಬಿಚ್ಚಿಡುವುದೇ ಅವನ ಕಸುಬು. ಕುಯ್ದರೆ ರಕ್ತ ಸುರಿಸುವ ನಿಂಬೆಹಣ್ಣು, ತಳದ ಕೆಳಗೆ ಇನ್ನೊಂದು ತಳವಿರುವ ಪೆಟ್ಟಿಗೆ, ಹೆಬ್ಬೆರಳಿಗೆ ತೊಡಿಸುವ ರಬ್ಬರಿನ ಹೆಬ್ಬೆರಳು, ಎಲ್ಲವೂ ಅವನ ಚೀಲದಲ್ಲಿದ್ದವು. ಈಗಷ್ಟೇ ಒಳಗಿನ ಕತ್ತಲೆ ಕೋಣೆಯಲ್ಲಿ, ಲೋಬಾನದ ಹೊಗೆಯ ನಡುವೆ, ತನ್ನ ಹೆಂಡತಿ ಚಂದನಾಳ ಹೊಟ್ಟೆಯಿಂದ ಆಕೆ ಎರಡನೆಯ ಸಲ ಉಂಡೆ ತೆಗೆದದ್ದನ್ನು ಮೂರಡಿ ದೂರದಿಂದ ನೋಡಿದ್ದ. ಉಂಡೆ ಮೊದಲಿಂದಲೂ ಎಡಗೈಯ ಮಡಿಕೆಯಲ್ಲೇ ಇತ್ತು. ಬಲಗೈ ಕೊಳವೆಯನ್ನು ದೀಪದ ಕಡೆ ಎತ್ತಿದಾಗ ಎಲ್ಲರ ಕಣ್ಣೂ ಅದರ ಹಿಂದೆ ಹೋಯಿತು. ಅಷ್ಟರಲ್ಲಿ ಎಡಗೈ ಸೆರಗಿನಿಂದ ತುಟಿ ಒರೆಸಿತು. ಉಂಡೆ ಬಾಯಿ ಸೇರಿತು.

“ಕೈ ಚೆನ್ನಾಗಿದೆ ಅಮ್ಮ,” ಎಂದ. “ಎಡಗೈ ಮಾತ್ರ ಒಂಚೂರು ತಡ. ನನ್ನ ಹತ್ರ ಒಂದು ತಿಂಗಳು ಬಂದ್ರೆ ತಿದ್ದಿ ಕೊಡ್ತೀನಿ.”

ಆಕೆಗೆ ನಾಚಿಕೆಯಾದಂತೆ ಕಾಣಲಿಲ್ಲ. ಸಿಟ್ಟೂ ಬರಲಿಲ್ಲ.

“ಬಿಡಿಸಿ ತೋರಿಸಿದ್ರೆ ಏನಾಗುತ್ತೆ?” ಎಂದು ಅವನೇ ಕೆಣಕಿದ.

“ಅವಳೊಳಗಿರೋದೂ ನೋಡ್ತದೆ,” ಎಂದಳು.

ಮಾದಾಪುರದ ಹತ್ತಿರದ ಮಾವನ ಕಾಫಿ ತೋಟಕ್ಕೆ ಜೀಪಿನಲ್ಲಿ ಹಿಂತಿರುಗಿದರು. ಚಂದನಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಅವಳಿಗೆ ಕಾಯಿಲೆ ಶುರುವಾದದ್ದು ಒಂದೂವರೆ ತಿಂಗಳ ಹಿಂದೆ, ತೀರಿಹೋದ ಅಣ್ಣನ ವರ್ಷದ ಕಾರ್ಯದ ಊಟ ಮುಗಿದ ಸಂಜೆ. ಅಂದಿನಿಂದ ಉಂಡದ್ದೆಲ್ಲ ವಾಂತಿ. ಆಸ್ಪತ್ರೆಯಲ್ಲಿ ಒಳಗೆಲ್ಲ ಕೊಳವೆ ಇಳಿಸಿ ನೋಡಿ ಏನೂ ಇಲ್ಲವೆಂದಿದ್ದರು. ಮದ್ದು ತೆಗೆಸಿದ ಮೊದಲ ಮಂಗಳವಾರ ಅವಳಿಗೆ ಗಂಜಿ ದಕ್ಕಿತ್ತು. ಇಂದು ಅರ್ಧ ರೊಟ್ಟಿ ದಕ್ಕಿತು. ಅದಕ್ಕಾಗಿ ನಾಗಾರ್ಜುನ ಸಂತೋಷಪಡಬೇಕಾಗಿತ್ತು. ಆದರೆ ಅಂದು ಆ ಊಟ ಬಡಿಸಿದ್ದು ಅಣ್ಣನ ಹೆಂಡತಿ ಯಮುನ. ಒಲೆಯ ಹತ್ತಿರ ಬರಬೇಡವೆಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲದಂಥ ಮೌನವೊಂದು ಆ ಮನೆಯಲ್ಲಿ ಬೆಳೆದುಬಿಟ್ಟಿತ್ತು. ಯಮುನ ಕಾಫಿ ಹಣ್ಣು ಸುಲಿಯುವ ಪಲ್ಪರ್ ಶೆಡ್ಡಿನ ಮಗ್ಗುಲಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಅತ್ತಿಗೆಯ ನೆರಳು ಕಂಡರೆ ಚಂದನಾ ಗೋಡೆಯ ಕಡೆ ಹೊರಳುತ್ತಿದ್ದಳು. ಒಂದು ಸುಳ್ಳು ಉಂಡೆಯಿಂದ ಒಬ್ಬಳು ಬದುಕುವುದು, ಇನ್ನೊಬ್ಬಳು ಇದ್ದೂ ಸಾಯುವುದು. ಇದು ಅವನಿಗೆ ತಡೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದ. ಮಾವ ಚನ್ನಮಲ್ಲಪ್ಪ ವಿಭೂತಿ ಹಚ್ಚಿಕೊಂಡು ಬಂದು ಕುರ್ಚಿಯ ಅಂಚಿನಲ್ಲಿ ಕೂತರು. ಯಮುನ ಬಾಗಿಲಾಚೆ ನಿಂತಳು. ಬಾಚಣಿಗೆಯ ಕೂದಲು, ಮೇಣ, ಕಾಡಿಗೆ ಕಲಸಿ ನಾಗಾರ್ಜುನ ಉಂಡೆ ಮಾಡಿಟ್ಟುಕೊಂಡಿದ್ದ. ಕೊಳವೆಗೆ ಪಪ್ಪಾಯಿ ದಂಟು. ಚಂದನಾಳ ಹೊಕ್ಕುಳಿಗೆ ಅದನ್ನು ಹಚ್ಚಿ ಹೀರಿ ತಟ್ಟೆಗೆ ಉಂಡೆ ಉಗುಳಿದಾಗ ಮಾವನ ಬಾಯಿಂದ ಶಿವಶಿವಾ ಎಂದು ಹೊರಟಿತು.

ಆಮೇಲೆ ಬಿಡಿಸಿ ಹೇಳಿದ. ಕಣ್ಣಿಗೆ ಸುಮ್ಮನಿರುವ ಕೈ ಬೇಡ, ಆಡುವ ಕೈ ಬೇಕು ಎಂದ. ಬಲಗೈ ದೊಡ್ಡದಾಗಿ ಆಡಬೇಕು, ಎಡಗೈ ಆಗ ಸಣ್ಣದಾಗಿ ಕಳ್ಳತನ ಮಾಡಬೇಕು. ಇನ್ನೂ ಮುಖ್ಯವಾದದ್ದೆಂದರೆ, ಎಡಗೈಯನ್ನು ಮಾಡುವವನೇ ಮರೆತಿರಬೇಕು. ಅವನು ನೋಡಿದರೆ ಜನರೂ ನೋಡುತ್ತಾರೆ.

“ಇನ್ನೊಂದ್ಸಲ ಮಾಡಿ ರೀ,” ಎಂದಳು ಚಂದನಾ. “ನಿಧಾನಕ್ಕೆ.”

ಮಾಡಿದ. ಅವಳು ಮತ್ತೊಮ್ಮೆ ಕೇಳಿದಳು. ಬೆರಳು ಬೆರಳಾಗಿ ಬಿಡಿಸಿ ಮೂರನೆಯ ಸಲವೂ ಮಾಡಿದ. ಮದುವೆಯಾದ ಆರು ವರ್ಷದಲ್ಲಿ ಒಂದು ಆಟವನ್ನೂ ಅವಳು ಕೊನೆತನಕ ನೋಡಿದವಳಲ್ಲ. ಈಗ ರೆಪ್ಪೆ ಬಡಿಯದೆ ನೋಡಿದಳು. ನೋಡಿ ಮುಗಿದ ಮೇಲೆ ನಕ್ಕಳು.

“ಅತ್ತಿಗೆ, ಹಸಿವಾಗ್ತಿದೆ,” ಎಂದಳು.

ಯಮುನ ಅಳುತ್ತಲೇ ರೊಟ್ಟಿ ತಟ್ಟಿದಳು. ಚಂದನಾ ನಾಲ್ಕು ರೊಟ್ಟಿ ಉಂಡಳು. ವಾಂತಿಯಾಗಲಿಲ್ಲ. ಅಳಿಯಂದಿರು ಮನೆ ಉಳಿಸಿದರು ಎಂದು ಚನ್ನಮಲ್ಲಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. ಮೂರನೆಯ ಮಂಗಳವಾರ ಯಾರೂ ಕುಶಾಲನಗರದ ದಾರಿ ಹಿಡಿಯಲಿಲ್ಲ.

ಆ ವಾರ ಮನೆ ಮತ್ತೆ ಮನೆಯಂತಾಯಿತು. ಕಣದಲ್ಲಿ ಕಾಫಿ ಒಣಗುತ್ತಿತ್ತು. ಪಲ್ಪರ್ ಯಂತ್ರದ ಸದ್ದು, ಹುಳಿತ ಹಣ್ಣಿನ ಸಿಪ್ಪೆಯ ಗಾಳಿ. ಮಲಗುವ ಕೋಣೆಯಲ್ಲಿ ಆ ಹುಳಿ ವಾಸನೆ ಒಂದಿಷ್ಟು ಹೆಚ್ಚೇ ಇತ್ತು. ಶೆಡ್ಡಿನ ಕಡೆಯ ಕಿಟಕಿ ಮುಚ್ಚಿದರೂ ಹೋಗಲಿಲ್ಲ. ಚಂದನಾ ಚಳಿಯೆಂದು ಹಗಲೂ ಸ್ವೆಟರ್ ಹಾಕಿಕೊಂಡಿರುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು.

ಶನಿವಾರ ಮಧ್ಯಾಹ್ನ ನಾಗಾರ್ಜುನ ಅವಳೆದುರು ಊಟಕ್ಕೆ ಕೂತಿದ್ದ. ಅನ್ನ, ಹುರುಳಿ ಸಾರು. ಅವಳು ಏನೋ ಹೇಳುತ್ತ ಬಲಗೈಯಿಂದ ತುತ್ತು ಕಲಸಿದಳು. ಎತ್ತಿದಳು. ಬಾಯಿ ತೆರೆಯಿತು. ಗಂಟಲು ಆಡಿತು. ಬಲಗೈ ದೊಡ್ಡದಾಗಿ ಬೀಸಿ ಮಾವನ ಕಡೆ ತೋರಿಸಿತು. ಎಲ್ಲರೂ ಮಾವನನ್ನು ನೋಡಿದರು.

ನಾಗಾರ್ಜುನ ಮಾತ್ರ ನೋಡಲಿಲ್ಲ. ಹನ್ನೆರಡು ವರ್ಷದ ಅಭ್ಯಾಸ ಅವನ ಕಣ್ಣನ್ನು ಬೇರೆ ಕಡೆ ಇಟ್ಟಿತ್ತು. ಅವಳ ಎಡಗೈ ಸೆರಗಿನಿಂದ ತುಟಿ ಒರೆಸಿತು. ಕೆಳಗಿಳಿಯಿತು. ಮಡಿಲಲ್ಲಿ ಮುಚ್ಚಿಕೊಂಡಿತು.

ಅದು ಅವನದೇ ಕೈ. ಅವನದೇ ಬೆರಳುಗಳ ಮಡಿಕೆ. ಒಂದಿಷ್ಟೂ ತಡವಿಲ್ಲ.

ಊಟವಾದ ಮೇಲೆ ಮಂಚದ ಕೆಳಗಿನ ಟ್ರಂಕು ಎಳೆದ. ಮುಚ್ಚಳ ತೆಗೆದೊಡನೆ ವಾಸನೆ ಮುಖಕ್ಕೆ ಬಡಿಯಿತು. ಸೀರೆಯ ಮಡಿಕೆಗಳಲ್ಲಿ ರೊಟ್ಟಿ, ಅನ್ನ, ಬೂಸಲು ಹತ್ತಿದ ಮುದ್ದೆ. ಒಂದೊಂದೂ ಒಂದು ತುತ್ತಿನ ಗಾತ್ರ. ಒಂದೊಂದರ ಮೇಲೂ ಬೆರಳ ಗುರುತು. ಇರುವೆಗಳು ಸದ್ದಿಲ್ಲದೆ ಸಾಲು ಹಿಡಿದಿದ್ದವು.

ಇದೇನೆಂದು ಕೇಳಿದಾಗ ಚಂದನಾ ಬೆಚ್ಚಿದಳು. ಅವಳಿಗೆ ಗೊತ್ತಿರಲಿಲ್ಲ. “ನಿಮ್ಮೆದುರಿಗೇ ಉಂಡೆನಲ್ಲ,” ಎಂದು ಅತ್ತಳು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಅವಳ ಸ್ವೆಟರ್ ತೆಗೆದ. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಎಲ್ಲರೂ ಅವಳ ಮುಖ ನೋಡಿದ್ದರು. ಒಳಗಿದ್ದದ್ದು ಮುಖವನ್ನಷ್ಟೇ ತೋರಿಸಿತ್ತು.

ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ನರ್ಸ್ ನೋಡುತ್ತಿದ್ದಂತೆಯೇ ಬಾಟಲಿ ಖಾಲಿಯಾಗುತ್ತಿತ್ತು. ಹಾಸಿಗೆಯಡಿ ನೆಲ ಒದ್ದೆಯಾಗುತ್ತಿತ್ತು. ಸೂಜಿ ಯಾವಾಗ ಹೊರಬಂತೆಂದು ಯಾರೂ ಕಾಣಲಿಲ್ಲ. ಹೀಗೇ ಹೋದರೆ ಮೂರು ದಿನ, ಹೆಚ್ಚೆಂದರೆ ನಾಲ್ಕು ಎಂದು ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದರು. ಅವಳನ್ನು ಮನೆಗೆ ಕರೆತಂದು ಮಲಗಿಸಿ ಅವನು ಒಬ್ಬನೇ ಕುಶಾಲನಗರದ ಕಡೆ ಹೊರಟ.

ವಿಶಾಲಾಕ್ಷಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವನ ಮಾತು ಮುಗಿಯುವವರೆಗೆ ಕೈ ನಿಲ್ಲಿಸಲಿಲ್ಲ.

“ಹೊಟ್ಟೆಯಿಂದ ಉಂಡೆ ಬರಲ್ಲ ಅಂತ ನಂಗೊತ್ತಿಲ್ವೇನಪ್ಪ,” ಎಂದಳು ಕೊನೆಗೆ. “ನಾನೇ ಉಪವಾಸ ಇದ್ದು ಕಟ್ಟೋದು. ಒಳಗಿರೋದಕ್ಕೆ ಮೈಯಿಲ್ಲ. ಇಗೋ ಇದೇ ನೀನು, ಇದ್ರೊಳಗೇ ನೀನಿರೋದು ಅಂತ ಅದನ್ನ ನಂಬಿಸ್ಬೇಕು. ನಂಬಿದ್ರೆ ಉಂಡೆ ಸೇರ್ಕೊಳ್ತದೆ, ನೀರಿಗೆ ಬೀಳ್ತದೆ. ನಾನು ಮೋಸ ಮಾಡ್ತಿದ್ದದ್ದು ನಿಮಗಲ್ಲ.”

ಕೋಳಿಯೊಂದು ಸಿಪ್ಪೆಯ ರಾಶಿ ಕೆದಕಿತು.

“ಈಗ ಅದಕ್ಕೆ ಉಂಡೆ ಗೊತ್ತು,” ಎಂದಳು. “ಕೈಯೂ ಗೊತ್ತು. ನೀನೇ ಕಲಿಸಿದ್ದು.”

ಅವನು ಆಕೆಯ ಕಾಲ ಬಳಿ ಕುಸಿದ. ಆಕೆ ಸುಲಿದು ಮುಗಿದ ಸಿಪ್ಪೆಯನ್ನೇ ಮತ್ತೆ ಕೈಗೆತ್ತಿಕೊಂಡಳು. ಒಂದು ದಾರಿಯಿದೆ, ಹೇಳಲು ಆಕೆಗೆ ಮನಸ್ಸಿಲ್ಲ ಎಂದು ಅವನಿಗೆ ತಿಳಿಯಿತು. ಮಾತಿಗಿಂತ ಮೊದಲು ಕೈಯನ್ನು ಓದುವುದು ಅವನ ಕಸುಬೇ ಆಗಿತ್ತು.

“ಉಂಡೆ ಇಲ್ದೆ ಎಳೀಬೇಕು,” ಎಂದಳು. “ಬರಿಗೈ, ಬರಿಬಾಯಿ. ನಾನು ಎಳೆಯಲ್ಲಪ್ಪ. ನಂಗೆ ಮೊಮ್ಮಕ್ಕಳವೆ.” ಒಳಗೆ ಹೋಗಿ ಹಿತ್ತಾಳೆಯ ಕೊಳವೆ ತಂದು ಅವನ ಮುಂದಿಟ್ಟಳು. ಕೈಗೆ ಕೊಡಲಿಲ್ಲ.

ಮರುದಿನ ನಡುಹಗಲಿನಲ್ಲಿ ಅವನು ಕೋಣೆಯ ಕಿಟಕಿ ಮುಚ್ಚಿದ. ಬಾಗಿಲಿನ ಸಂದಿಗೆ ಕಂಬಳಿ ತುರುಕಿದ. ಒಳಗೆ ಕತ್ತಲೆ ಇಳಿಯಿತು. ಆಳುಗಳೆಲ್ಲ ತೋಟದಲ್ಲಿ. ಪಲ್ಪರ್ ನಿಂತಿತ್ತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಚಂದನಾಳ ಉಸಿರು ಒಣಗಿದ ಎಲೆಯಂತೆ ಸದ್ದು ಮಾಡುತ್ತಿತ್ತು. ಅವನು ಎಣ್ಣೆದೀಪ ಹಚ್ಚಿ ತೋಳು ಮಡಚಿದ. ಎರಡೂ ಅಂಗೈ ತೆರೆದು ದೀಪಕ್ಕೆ ಹಿಡಿದ. ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಸಾವಿರ ಮಕ್ಕಳ ಮುಂದೆ ಹೇಳಿದ್ದ, ಸಾವಿರ ಸಲವೂ ಸುಳ್ಳು. ಇಂದು ನಿಜವಾಗಿತ್ತು.

ಕೊಳವೆ ಹಚ್ಚಿದ. ಹೀರಿದ.

ಏನೂ ಇಲ್ಲ. ಹಿತ್ತಾಳೆಯ ರುಚಿ. ಬೂದಿ.

ಮತ್ತೆ ಹೀರಿದ. ಕೊಳವೆ ತಣ್ಣಗಾಯಿತು. ತುಟಿ ಅಂಟಿತು. ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ. ಒಳಗಿಂದ ಏನೋ ಕೊಳವೆಯ ಬಾಯಿಗೆ ಬಂದು ನಿಂತಿತು. ಇಣುಕಿತು. ಅವನ ಬಾಯೊಳಗೆ ಉಂಡೆಗಾಗಿ ತಡಕಿತು. ನಾಲಿಗೆಯ ಕೆಳಗೆ. ಕೆನ್ನೆಯ ಸಂದಿಯಲ್ಲಿ. ಇಲ್ಲ. ಕಾಯಿತು. ಅವನೂ ಕಾದ. ದೀಪ ಅಲುಗಲಿಲ್ಲ. ನಲ್ಲಿಯ ತೊಟ್ಟು ಬೀಳಲಿಲ್ಲ. ಆಮೇಲೆ ಅದು, ಅವಸರವಿಲ್ಲದೆ, ಗಂಟಲಿಗೆ ಇಳಿಯಿತು.

ಚಂದನಾ ಕೂಗಿಕೊಂಡು ಎದ್ದು ಕೂತಳು. ಅನ್ನ ಎಂದಳು.

ಅಂದು ಅವನು ಅವಳ ಪಕ್ಕದಲ್ಲೇ ಕೂತು ನೋಡಿದ. ಅವಳ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದಿದ್ದ. ಅದು ಬೆಚ್ಚಗಿತ್ತು, ಪೆದ್ದಾಗಿತ್ತು, ಏನೂ ತಿಳಿಯದ ಕೈಯಾಗಿತ್ತು. ಅವಳು ನಿಜವಾಗಿಯೂ ಉಂಡಳು. ರಾತ್ರಿ ಅವಳ ಹೊಟ್ಟೆಯ ಮೇಲೆ ಕಿವಿಯಿಟ್ಟಾಗ ಅನ್ನ ಕರಗುವ ಸದ್ದು ಕೇಳಿಸಿತು. ಅವನು ಬಹಳ ಹೊತ್ತು ಹಾಗೆಯೇ ಮಲಗಿದ್ದ. ತನಗೆ ಹಸಿವಿಲ್ಲವೆಂದು ಯಮುನಳಿಗೆ ಹೇಳಿ ಕಳಿಸಿದ್ದ.

ಮಾರನೆಯ ಮಧ್ಯಾಹ್ನ ಹಸಿವಾಯಿತು. ಹಿಂದೆಂದೂ ಆಗದಂಥ ಹಸಿವು. ಊಟಕ್ಕೆ ಮುಂಚೆ ಚಂದನಾಳನ್ನು ಹತ್ತಿರ ಕೂರಿಸಿಕೊಂಡು ಎಲ್ಲವನ್ನೂ ಹೇಳಿದ. ಬೇರೆ ಏನನ್ನೂ ನೋಡಬೇಡ, ನನ್ನ ಎಡಗೈಯನ್ನು ಮಾತ್ರ ನೋಡುತ್ತಿರು ಎಂದ. ಅದನ್ನು ಬಿಗಿಯಾಗಿ ಹಿಡಿದುಕೊಳ್ಳಲು ಹೇಳಬೇಕೆಂದಿದ್ದ. ಆ ಮಾತು ನಾಲಿಗೆಗೆ ಬರಲಿಲ್ಲ, ಯಾಕೆಂದು ತಿಳಿಯಲಿಲ್ಲ.

ಯಮುನ ಬಡಿಸಿದಳು. ಅವನು ಉಂಡ. ತಟ್ಟೆ ಖಾಲಿಯಾಯಿತು. ಮತ್ತೆ ಹಾಕಿಸಿಕೊಂಡು ಉಂಡ. ಅದೂ ಖಾಲಿಯಾಯಿತು. ಅಳಿಯಂದಿರು ಇಷ್ಟು ಉಂಡದ್ದನ್ನು ಇವತ್ತೇ ನೋಡಿದ್ದು ಎಂದು ಚನ್ನಮಲ್ಲಪ್ಪ ನಕ್ಕರು. ಹೊಟ್ಟೆ ಹಾಗೆಯೇ ಬೆಂಕಿಯಾಗಿತ್ತು. ಎಡಗೈಯನ್ನು ನೋಡಿಕೊಳ್ಳಬೇಕೆಂದುಕೊಂಡ. ಕತ್ತು ಬಾಗಿಸಿದ. ಕಣ್ಣು ಇಳಿಯಲಿಲ್ಲ, ತುತ್ತು ಕಲಸುವ ಬಲಗೈಯ ಹಿಂದೆಯೇ ಹೋಯಿತು. ಮತ್ತೆ ಪ್ರಯತ್ನಿಸಿದ. ಮತ್ತೆ ಹಾಗೇ ಆಯಿತು.

“ಚಂದು,” ಎಂದ, ಮೆಲ್ಲಗೆ. “ನೋಡ್ತಿದ್ದೀಯಾ?”

“ಕಣ್ಣು ತೆಗೆದಿಲ್ಲ ರೀ.”

“ಏನಿದೆ ಅದ್ರಲ್ಲಿ?”

“ಏನೂ ಇಲ್ಲ. ಎಡಗೈ ಖಾಲಿ ಇದೆ. ನೀವು ಧೈರ್ಯವಾಗಿ ಉಣ್ಣಿ.”

ನೋಡುವವರ ಕಣ್ಣು ಎಲ್ಲಿದೆಯೆಂದು ಅವನಿಗೆ ತಪ್ಪದೆ ತಿಳಿಯುತ್ತಿತ್ತು. ಅವನು ತಲೆಯೆತ್ತಿದ. ಹಾಗೆನ್ನುವಾಗ ಚಂದನಾ ರೆಪ್ಪೆ ಬಡಿಯದೆ ಅವನ ಬಲಗೈಯನ್ನು ನೋಡುತ್ತಿದ್ದಳು.