ಸುಣ್ಣದ ಗೆರೆಯ ಹೊರಗೆ

“ಏನಿಲ್ರಿ ಮೇಡಂ, ಸಾಕ್ಸ್ ಜಾರಾಕತ್ತಾವ,” ಅಂದಳು ಶಿವದೇವಿ. ಬಗ್ಗಿ ಬಲಗಾಲಿನ ಸಾಕ್ಸನ್ನು ಮೊಣಕಾಲಿನ ತನಕ ಎಳೆದುಕೊಂಡಳು.

ಶೋಭಾ ಮೇಡಂ ಬಾಯಲ್ಲಿದ್ದ ಸೀಟಿ ತೆಗೆದರು. “ನೋವೈತೇನು?”

“ಇಲ್ರಿ.”

“ಹಂಗಾದ್ರ ಆ ಗೋಲ್ ಪೋಸ್ಟ್ ಮುಟ್ಟಿ ಬಾ. ಜೋರಾಗಿ ಓಡು.”

ಶಿವದೇವಿ ಓಡಿದಳು. ಬಲಗಾಲು ನೆಲಕ್ಕೆ ತಾಗಿದಾಗಲೆಲ್ಲ ಯಾರೋ ಒಳಗಿನಿಂದ ಮೊಳೆ ಹೊಡೆದ ಹಾಗಾಗುತ್ತಿತ್ತು. ಹಲ್ಲು ಕಚ್ಚಿಕೊಂಡು ಪೋಸ್ಟ್ ಮುಟ್ಟಿದಳು. ತಿರುಗಿ ಬರುವಾಗ ಮುಖದ ಮೇಲೆ ಒಂದು ನಗು ಕೂಡ ತಂದುಕೊಂಡಳು.

ಮೇಡಂ ನಗಲಿಲ್ಲ. “ಕೂಡು ಇಲ್ಲೆ,” ಅಂದರು.

ಅವರೇ ಅವಳ ಕ್ಯಾನ್ವಾಸ್ ಶೂ ಬಿಚ್ಚಿದರು. ಸಾಕ್ಸ್ ಕೆಳಗೆ ಎಳೆದರು. ಒಳಗೆ ಹಳೆ ಸೀರೆಯ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಅದನ್ನೂ ಬಿಚ್ಚಿದರು. ಪಾದದ ಗಂಟು ಬಾತು ಎಳೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಸುತ್ತ ನಿಂತ ಹುಡುಗಿಯರು “ಅಯ್ಯೋ!” ಅಂದರು. ಗೋಲ್‌ಕೀಪರ್ ನಸ್ರೀನ್ “ಅರೇ ಬಾಪ್ ರೇ!” ಅಂದಳು.

“ಇದು ಯಾವಾಗ ಆತು?” ಮೇಡಂ ಕೇಳಿದರು.

“ಮೊನ್ನೆ... ನುಮಾಯಿಷ್‌ಗೆ ಹೋದಾಗ್ರಿ.”

ಜನವರಿ ಬಂತೆಂದರೆ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೋಗದ ಮನೆಯೇ ಇರಲಿಲ್ಲ. ಮೊನ್ನೆ ಅಲ್ಲಿ ಬಸ್ಸು ಇನ್ನೂ ನಿಂತಿರಲಿಲ್ಲ. ಆಗಲೇ ಶಿವದೇವಿ ಫುಟ್‌ಬೋರ್ಡಿನಿಂದ ಹಾರಿದ್ದಳು. ಕಾಲು ಹೊರಳಿತು. “ನಿಲ್ಲೂ ತನಾ ತಡಿಯಾಕ ಏನಾಗಿತ್ತs ನಿನಗ?” ಅಂತ ಅವ್ವ ಬೈಯುತ್ತಾ ಇಳಿದಳು. ಶಿವದೇವಿ ನೋವಿನ ಸುದ್ದಿಯನ್ನೇ ಎತ್ತಲಿಲ್ಲ. ಆ ಸಂಜೆಯೆಲ್ಲ ಅಂಗಡಿ ಅಂಗಡಿ ಸುತ್ತಿದಳು, ಜೈಂಟ್ ವ್ಹೀಲ್ ಹತ್ತಿದಳು. ಶನಿವಾರ ಸಿಕಂದರಾಬಾದಿನಲ್ಲಿ ಮ್ಯಾಚ್ ಇತ್ತಲ್ಲ! ಅವ್ವನಿಗೆ ಗೊತ್ತಾದರೆ ಕಳಿಸುತ್ತಾಳೆಯೇ?

“ನಾಳೆ ನೀ ಆಡಂಗಿಲ್ಲ,” ಅಂದರು ಮೇಡಂ.

“ಮೇಡಂ! ಎಲ್ಲಾ ಗೋಲ್ ನಾನs ಹೊಡದೀನ್ರಿ!”

“ಗೊತ್ತೈತಿ.”

“ನಾ ಇಲ್ಲದಿದ್ರ ಸೋಲ್ತೀವ್ರಿ.”

“ಸೋಲೂಣು.”

ಶಿವದೇವಿಯ ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. “ನಿಮಗೇನ್ ಗೊತ್ರಿ? ನೀವೆಲ್ಲಿ ಆಡ್ತೀರಿ? ಬರೇ ನಿಂತು ಸೀಟಿ ಊದ್ತೀರಿ!”

ನಸ್ರೀನ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಮೇಡಂ ಬೈಯಲಿಲ್ಲ. ಪಟ್ಟಿಯನ್ನು ಮತ್ತೆ ಸುತ್ತತೊಡಗಿದರು, ಈ ಸಲ ಸಡಿಲವಾಗಿ.

“ನಾನೂ ಹಿಂಗs ಪಟ್ಟಿ ಕಟ್ಟಿಕೊಂಡು ಆಡೀನಿ. ಮೊಣಕಾಲಿಗೆ,” ಅಂದರು. “ಫೈನಲ್ ಇತ್ತು. ಗೋಲ್ ಹೊಡದೆ. ಗೆದ್ವಿ.”

“ಆಮ್ಯಾಲ್ರಿ?”

“ಆಮ್ಯಾಲ ಸೀಟಿ ಊದಾಕತ್ತೀನಿ.”

ಶಿವದೇವಿ ತಲೆ ತಗ್ಗಿಸಿದಳು.

“ಆವತ್ತು ನಮ್ಮ ಕೋಚ್ ಕೇಳಿದ್ರು, ನೋವೈತೇನು ಅಂತ. ಇಲ್ರಿ ಅಂದೆ. ನಂಬಿಬಿಟ್ರು ಪಾಪ.” ಮೇಡಂ ಪಟ್ಟಿಗೆ ಗಂಟು ಹಾಕಿದರು. “ನಾ ನಿನ್ನ ನಂಬೂದಿಲ್ಲ. ಏಳು, ಮನಿಗೆ ನಡಿ.”

ಮನೆಯಲ್ಲಿ ಅವ್ವ ಸುಂದರಾಬಾಯಿ ಅರಿಶಿನ ಸುಣ್ಣ ಕಲಸಿ ಕಾಲಿಗೆ ಹಚ್ಚಿದಳು. ಹಚ್ಚುವಾಗ ಒಂದಿಷ್ಟು ಬೈದಳು, ಹಚ್ಚಿದ ಮೇಲೆ ಇನ್ನೊಂದಿಷ್ಟು ಬೈದಳು. ಶಿವದೇವಿಗೆ ಅದ್ಯಾವುದೂ ಕೇಳಿಸಲಿಲ್ಲ. ಮಲಗಿದರೆ ಎದ್ದು ಕೂರಬೇಕು ಅನ್ನಿಸುತ್ತಿತ್ತು. ಕೂತರೆ ಕಿಟಕಿಗೆ ಹೋಗಬೇಕು ಅನ್ನಿಸುತ್ತಿತ್ತು.

ಅಪ್ಪ ಕಲ್ಯಾಣಪ್ಪ ಫ್ಯಾಕ್ಟರಿಯಿಂದ ಬಂದವರು ವಿಷಯ ಕೇಳಿ ಅವಳ ಪಕ್ಕ ಕೂತರು.

“ಅಪ್ಪಾ, ಶೋಭಾ ಮೇಡಂ ಖರೇನs ಆಡ್ತಿದ್ರೇನು?”

“ಆಡ್ತಿದ್ರೇನು ಅಂತ ಕೇಳ್ತೀ?” ಅಪ್ಪ ನಕ್ಕರು. “ಈ ಕಾಲೊನಿ ಗ್ರೌಂಡಿನಾಗs ನೋಡೀನಿ. ಆಗ ಆಕಿ ಸಣ್ಣಾಕಿ. ಹುಡಿಗ್ಯಾರು ಚಡ್ಡಿ ಹಾಕ್ಕೊಂಡು ಬಾಲ್ ಆಡ್ತಾರಂತ ಅಂದು ಮಂದಿ ನಗಾಕ ಬಂದಿದ್ರು. ಸುಳ್ಳ್ಯಾಕ ಹೇಳ್ಲಿ, ನಾನೂ ನಗಾಕs ಹೋಗಿದ್ದೆ. ಆಕಿ ಒಮ್ಮೆ ಬಾಲ್ ತೊಗೊಂಡು ಹೊಂಟಳು ನೋಡು, ಎಲ್ಲಾರ ಬಾಯಿ ಬಂದ್!”

“ಆಮ್ಯಾಲ?”

“ಆಂಧ್ರ ಟೀಮಿಗೆ ಆಡಿದಳು. ಕ್ಯಾಪ್ಟನ್ ಆದಳು. ಎಲ್ಲೆಲ್ಲೋ ರೈಲಿನಾಗ ಹೋಗಿ ಆಡಿ ಬರ್ತಿದ್ದಳು. ಮೊಣಕಾಲು ಹೋದ ಮ್ಯಾಲ ಗ್ರೌಂಡಿನ ಕಡೆ ಹಾಯಲಿಲ್ಲ. ಆ ರಸ್ತಾನs ಬಿಟ್ಟು ಸುತ್ತು ಹಾಕ್ಕೊಂಡು ಆಫೀಸಿಗೆ ಹೋಗ್ತಿದ್ದಳು. ವರ್ಷಗಟ್ಟಲೆ ಹಂಗ. ಒಂದಿನ ತಾನs ನಿಮ್ಮ ಸಾಲಿಗೆ ಬಂದು, ಹುಡಿಗ್ಯಾರಿಗೆ ನಾ ಕಲಿಸ್ತೀನಿ ಅಂದಳಂತ.”

“ಯಾಕ ಬಂದ್ರು?”

“ಅದನ್ನ ಆಕಿನ್ನs ಕೇಳಬೇಕು,” ಅಂದರು ಅಪ್ಪ.

ಶನಿವಾರ ಶಿವದೇವಿಯೂ ಟೀಮಿನ ಜೊತೆ ಬಸ್ಸು ಹತ್ತಿದಳು. ನೀನೂ ಬಾ ಅಂತ ಮೇಡಂ ಅವರೇ ಹೇಳಿಕಳಿಸಿದ್ದರು. ಸಿಕಂದರಾಬಾದಿನ ಗ್ರೌಂಡು ಸ್ಟೇಷನ್‌ಗೆ ಹತ್ತಿರ. ಆಗಾಗ ರೈಲಿನ ಕೂಗು ಕೇಳಿಸುತ್ತಿತ್ತು.

ರೆಫರಿ ಸೀಟಿ ಊದಿದರು. ಆಟ ಶುರುವಾಯಿತು.

ಬೆಂಚಿನ ಮೇಲೆ ಕೂರುವುದು ಇಷ್ಟು ಕಷ್ಟ ಅಂತ ಶಿವದೇವಿಗೆ ಗೊತ್ತಿರಲಿಲ್ಲ. ಬಾಲ್ ಎಡಕ್ಕೆ ಹೋದರೆ ಅವಳ ಮೈ ಎಡಕ್ಕೆ ವಾಲುತ್ತಿತ್ತು. ಬಲಕ್ಕೆ ಹೋದರೆ ಬಲಕ್ಕೆ. ಉಗುರು ಕಚ್ಚಿದಳು, ಜಡೆಯ ತುದಿ ಕಚ್ಚಿದಳು. ತಾಳಲಾರದೆ ಎದ್ದು ನಿಂತಳು.

“ಕೂಡು!” ಅಂದರು ಮೇಡಂ.

ಹಾಗೆ ಹೇಳಿದ ಮೇಡಂ ತಾವು ಮಾತ್ರ ಕೂತಿರಲಿಲ್ಲ. ಸುಣ್ಣದ ಗೆರೆಯ ಗುಂಟ ಆ ಕಡೆ, ಈ ಕಡೆ ನಡೆಯುತ್ತಲೇ ಇದ್ದರು. “ಪೀಛೆ ದೇಖೋ!” ಅಂತ ನಸ್ರೀನ್‌ಗೆ ಕೂಗುತ್ತಿದ್ದರು. ಕೈಯಲ್ಲಿದ್ದ ಟವೆಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದರು. ಬಾಲ್ ಹತ್ತಿರ ಬಂದಾಗಲೆಲ್ಲ ಅವರ ಕಾಲು ಗೆರೆಯ ತನಕ ಹೋಗಿ ಗಕ್ಕನೆ ನಿಲ್ಲುತ್ತಿತ್ತು. ಒಂದು ಸಲವೂ ಗೆರೆ ದಾಟಲಿಲ್ಲ.

ಅವರು ಕುಂಟುತ್ತಾರೆ. ದಿನಾ ನೋಡುವ ಶಿವದೇವಿಗೆ ಅದು ಇವತ್ತೇ ಮೊದಲ ಸಲ ಕಾಣಿಸಿತು.

ಎದುರಿನವರು ಒಂದು ಗೋಲ್ ಹೊಡೆದರು. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು. ಶಿವದೇವಿಗೆ ಅಳು ಬಂತು. ಬಾಲ್ ನೋಡಲಾರದೆ ಮೈದಾನದ ಆ ತುದಿಗೆ ಕಣ್ಣು ಹೊರಳಿಸಿದಳು.

ಅಲ್ಲಿ ಪ್ರೇಮಾ ನಿಂತಿದ್ದಳು. ಅವರದೇ ಕಾಲೊನಿಯ ಹುಡುಗಿ. ಬಾಯಿಬಿಟ್ಟು ಮಾತಾಡಿದರೆ ಪಕ್ಕದವರಿಗೂ ಕೇಳಿಸದಷ್ಟು ಮೆತ್ತಗಿನವಳು. ಅವಳ ಹತ್ತಿರ ಯಾರೂ ಇರಲಿಲ್ಲ. ಪ್ರೇಮಾ ಕೈ ಎತ್ತಿದಳು. ಯಾರೂ ನೋಡಲಿಲ್ಲ. ಕೈ ಇಳಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು.

ನಾನು ಆಡುವಾಗಲೂ ಇವಳು ಹೀಗೇ ಕೈ ಎತ್ತುತ್ತಿದ್ದಳೇನು? ಶಿವದೇವಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಒಳಗಿದ್ದಾಗ ಅವಳಿಗೆ ಬಾಲ್ ಕಾಣುತ್ತಿತ್ತು, ಗೋಲ್ ಕಾಣುತ್ತಿತ್ತು. ಬೇರೆ ಏನೂ ಕಾಣುತ್ತಿರಲಿಲ್ಲ.

“ಮೇಡಂ! ಪ್ರೇಮಾ ಖಾಲಿ ನಿಂತಾಳ್ರಿ! ಅವರ ಟೀಮಿನ ಆ ಉದ್ದ ಜಡಿ ಹುಡುಗಿ ಭಾಳ ಮುಂದ ಬಂದುಬಿಡ್ತಾಳ. ಹಿಂದ ಯಾರೂ ಇಲ್ರಿ!”

ಮೇಡಂ ನಡೆಯುವುದನ್ನು ನಿಲ್ಲಿಸಿದರು. ಆ ಹುಡುಗಿಯನ್ನು ನೋಡಿದರು, ಆಮೇಲೆ ಶಿವದೇವಿಯನ್ನು ನೋಡಿದರು.

“ಹಾಫ್ ಟೈಮಿಗೆ ಇದನ್ನ ನೀನs ಹೇಳು ಅವರಿಗೆ.”

“ನಾನಾ?”

“ಕಂಡಾಕಿ ನೀನು. ಮತ್ಯಾರು ಹೇಳಬೇಕು?”

ಹಾಫ್ ಟೈಮಿನಲ್ಲಿ ಹುಡುಗಿಯರು ನೀರು ಕುಡಿಯುತ್ತ ಮುಖ ಸಪ್ಪೆ ಮಾಡಿಕೊಂಡಿದ್ದರು. ಶಿವದೇವಿ ಒಂಟಿ ಕಾಲಲ್ಲಿ ಕುಪ್ಪಳಿಸಿ ನಡುವೆ ಬಂದಳು. ಕನ್ನಡ, ತೆಲುಗು, ಹಿಂದಿ ಎಲ್ಲ ಕಲಸಿ ಹೇಳಿದಳು. “ಬಾಲ್ ಪ್ರೇಮಾಕು ದೇವ್! ಉಧರ್ ಖಾಲಿ ಹೈ!”

ಪ್ರೇಮಾ ಹೆದರಿಬಿಟ್ಟಳು. “ನನಗ ಬ್ಯಾಡs. ತಪ್ಪಿದ್ರ?”

“ತಪ್ಪಿದ್ರ ತಪ್ಪಲಿ. ಎತ್ತಿದ ಕೈ ಮಾತ್ರ ಇಳಸಬ್ಯಾಡ.”

ಮತ್ತೆ ಆಟ ಶುರುವಾಯಿತು. ಈಗ ಶಿವದೇವಿಯನ್ನು ಕೂಡು ಅಂತ ಯಾರೂ ಹೇಳಲಿಲ್ಲ. ಅವಳು ಗೆರೆಯ ಹೊರಗೆ ಮೇಡಂ ಪಕ್ಕದಲ್ಲೇ ನಿಂತಳು.

ಮೊದಲ ಸಲ ಪ್ರೇಮಾಗೆ ಬಾಲ್ ಬಂತು, ಕಾಲ ಸಂದಿಯಿಂದ ಹೊರಗೆ ಹೋಯಿತು. ಎರಡನೇ ಸಲ ಅವಳೇ ಎಡವಿದಳು. ಶಿವದೇವಿಯ ಕಾಲು ನೆಲವನ್ನು ಕೆರೆಯಿತು. “ಏ, ಕೈ ಎತ್ತs!” ಅಂತ ಗಂಟಲು ಹರಿಯುವ ಹಾಗೆ ಕೂಗಿದಳು.

ಪ್ರೇಮಾ ಕೈ ಎತ್ತಿದಳು.

ಮತ್ತೆ ಬಾಲ್ ಬಂತು. ಉದ್ದ ಜಡೆಯವಳು ತಿರುಗುವಷ್ಟರಲ್ಲಿ ಪ್ರೇಮಾ ಅವಳನ್ನು ದಾಟಿದ್ದಳು. ಅವಳ ಮುಂದೆ ಬರೀ ಗೋಲ್‌ಕೀಪರ್. ಪ್ರೇಮಾ ಕಾಲು ಬೀಸಿದಳು.

ಶಿವದೇವಿಯ ಪಕ್ಕದಲ್ಲಿ ಇನ್ನೊಂದು ಕಾಲೂ ಬೀಸಿತು. ಗಾಳಿಯಲ್ಲಿ, ಬಾಲ್ ಇಲ್ಲದೆ. ಮೇಡಂ ತೂಕ ತಪ್ಪಿ ವಾಲಿದರು. ಶಿವದೇವಿಯ ಭುಜ ಗಟ್ಟಿಯಾಗಿ ಹಿಡಿದುಕೊಂಡರು.

ಗೋಲ್!

ಹುಡುಗಿಯರೆಲ್ಲ ಪ್ರೇಮಾಳ ಮೇಲೆ ಬಿದ್ದರು. ಶಿವದೇವಿಯ ಎದೆ ಡವಡವ ಅನ್ನುತ್ತಿತ್ತು. ಅದು ತಾನು ಹೊಡೆದ ಗೋಲ್ ಅಲ್ಲ. ಆದರೂ ತಾನು ಹೊಡೆದಾಗ ಹೀಗೆ ಆಗಿರಲಿಲ್ಲ. ಮೇಡಂ ಕಡೆ ನೋಡಿದಳು. ಅವರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬೆವರೋ ಏನೋ.

ಹುಡುಗಿಯರು ಮ್ಯಾಚ್ ಗೆಲ್ಲಲಿಲ್ಲ. ಕೊನೆಗೆ ಒಂದು ಬಾಲ್ ಪೋಸ್ಟಿಗೆ ಬಡಿದು ವಾಪಸ್ ಬಂತು. ಇನ್ನೊಂದು ಗೋಲ್ ಆಗಲೇ ಇಲ್ಲ. ನಸ್ರೀನ್ ಅತ್ತಳು. ಆಮೇಲೆ ಯಾರೋ ತಂದ ಕಡಲೆಕಾಯಿ ತಿನ್ನುತ್ತ ಸುಮ್ಮನಾದಳು. ಪ್ರೇಮಾ ಮಾತ್ರ ಸುಮ್ಮನಾಗಲಿಲ್ಲ. ಗೋಲ್ ಹೇಗಾಯಿತು ಅಂತ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಅವಳ ದನಿ ಇಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿರಲಿಲ್ಲ.

ಹುಡುಗಿಯರು ಗಲಾಟೆ ಮಾಡುತ್ತ ಬಸ್ ಸ್ಟಾಪಿನ ಕಡೆ ಓಡಿದರು. ಶಿವದೇವಿ, ಮೇಡಂ ಇಬ್ಬರೇ ಹಿಂದೆ ಉಳಿದರು.

“ಕಾಲು ಹೆಂಗೈತಿ?” ಮೇಡಂ ಕೇಳಿದರು.

ಏನಿಲ್ರಿ ಅನ್ನಲು ಶಿವದೇವಿ ಬಾಯಿ ತೆರೆದಳು. ಆದರೆ ಹಾಗೆ ಅನ್ನಲಿಲ್ಲ.

“ಭಾಳ ನೋಯಾಕತ್ತೈತ್ರಿ.” ಅವರ ಮೊಣಕಾಲು ನೋಡಿ ಕೇಳಿದಳು, “ನಿಮ್ಮದ್ರಿ?”

ಮೇಡಂ ನಿಂತರು. ಅವರಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತೇನೋ.

“ನಂದೂ,” ಅಂದರು.

ಶಿವದೇವಿ ತನ್ನ ಭುಜವನ್ನು ಅವರ ಕೈ ಹತ್ತಿರ ತಂದಳು. ಈ ಬಸ್ಸು ಹೋದರೆ ಇನ್ನೊಂದು ಬರುತ್ತದೆ. ಇಬ್ಬರೂ ನಿಧಾನವಾಗಿ ನಡೆದರು.