ನೀರಿಗೆ ಇಟ್ಟ ಡ್ರಮ್ಮುಗಳು

ಜೂನ್ 10, ಸೋಮವಾರ ಬೆಳಿಗ್ಗೆ 9.10. ಮಾಕಳಿಯ ಹಳೇ ಡ್ರಮ್ ಅಂಗಡಿಯ ನಂದೀಶ್ ಏದುಸಿರು ಬಿಡುತ್ತ ಠಾಣೆಗೆ ಬಂದ.

"ಮೇಡಂ, ನಿನ್ನೆ ಅಂಗಡಿ ಮುಚ್ಚಿದ್ದಾಗ ನಲವತ್ತು ಡ್ರಮ್ಮಿಗೆ ಯಾರೋ ತೂತು ಹೊಡೆದವ್ರೆ!"

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ವನಜಾ, ಕಾನ್‌ಸ್ಟೇಬಲ್ ಬಸಲಿಂಗನೊಂದಿಗೆ ಅಲ್ಲಿಗೆ ಹೋದರು. ಕಾರ್ಖಾನೆಗಳು ಒಳಗಿನ ರಾಸಾಯನಿಕ ಖಾಲಿ ಮಾಡಿ ಮಾರಿದ ನೀಲಿ ಡ್ರಮ್ಮುಗಳವು. ಪಂಚನಾಮೆ ಬರೆಸುವಾಗ ಒಂದು ವಿಷಯ ವನಜಾರ ಕಣ್ಣಿಗೆ ಬಿತ್ತು. ಕೊಳಕು ಡ್ರಮ್ಮುಗಳನ್ನು ಯಾರೂ ಮುಟ್ಟಿರಲಿಲ್ಲ. ತೊಳೆದು ಬೋರಲು ಹಾಕಿದವಕ್ಕೆ ಮಾತ್ರ ಹಾರೆಯ ಏಟು ಬಿದ್ದಿತ್ತು.

"ಇವು ಯಾಕೆ ಬೇರೆ?"

"ಮನೆಗೆ ನೀರು ತುಂಬ್ಸೋಕೆ ಒಯ್ತಾರೆ ಮೇಡಂ."

"ಒಳಗೆ ಏನಿತ್ತು?"

"ಪೇಂಟಿಗೆ ಹಾಕೋ ಥಿನ್ನರ್ರೋ ಏನೋ... ಸೋಪ್ ಹಾಕಿ ತೊಳೆದಿದೀನಲ್ಲ?"

ಅಯ್ಯೋ ಪುಣ್ಯಾತ್ಮ! ಪ್ಲಾಸ್ಟಿಕ್ಕು ಹೀರಿಕೊಂಡದ್ದು ಸೋಪಿಗೆ ಹೋಗುತ್ತದೆಯೇ?

"ಯಾರಾದ್ರೂ ಜಗಳಕ್ಕೆ ಬಂದಿದ್ರಾ?"

"ಇದೇ ಊರಿನ ಲಕ್ಷ್ಮಯ್ಯ ಬಂದಿದ್ದ. ಮನೆಗಳಿಗೆ ಮಾರ್ಬೇಡ ಅಂದ. ಬೈದು ಕಳ್ಸಿದೆ."

11.40ಕ್ಕೆ ಲಕ್ಷ್ಮಯ್ಯನ ಮನೆ. ಗೋಡೆಗೆ ಒರಗಿಸಿದ್ದ ಹಾರೆಯ ತುದಿಗೆ ನೀಲಿ ಪ್ಲಾಸ್ಟಿಕ್ ಅಂಟಿತ್ತು.

"ನೀವೇನಾ?"

"ನಾನೇ ಕಣಮ್ಮ. ಇಲ್ಲಿ ನೀರು ವಾರಕ್ಕೊಂದ್ಸಲ. ನಮ್ಮನೆಯೋಳು ಚಿಕ್ಕಮುನಿಯಮ್ಮ ದೊಡ್ಡ ಡ್ರಮ್ಮು ಬೇಕು ಅಂದ್ಲು. ನಾನೇ ನಂದೀಶನ ಅಂಗ್ಡಿಯಿಂದ ಎಗಲ ಮೇಲೆ ಒತ್ಕಂಡ್ ಬಂದೆ. ಅನ್ನೆರಡು ವರ್ಸ ಇಬ್ರೂ ಅದ್ರ ನೀರೇ ಕುಡಿದ್ವಿ. ಅವ್ಳ ಎದೇಲಿ ಗಂಟಾಯ್ತು. ಓದ ತಿಂಗ್ಳು ತೀರ್ಕಂಡ್ಲು. ನಂಗೆ ಏನೂ ಆಗ್ಲಿಲ್ಲ ನೋಡಿ."

"ಡ್ರಮ್ಮಿಂದಾನೇ ಅಂತ ಡಾಕ್ಟರ್ ಹೇಳಿದ್ರಾ?"

"ಇದೇ ಅಂತ ಬೆರಳಿಟ್ಟು ತೋರ್ಸಕ್ಕಾಗಲ್ಲ ಅಂದ್ರು. ಇಂಥ ಕೆಮಿಕಲ್ಲು ಮೈಗೆ ಸೇರ್ತಿದ್ರೆ ಕ್ಯಾನ್ಸರ್ ಬರೋ ಅಪಾಯ ಜಾಸ್ತಿ, ಬಂದಿದ್ದು ಬಲಿಯೋಕೂ ದಾರಿ ಆಗ್ಬೋದು ಅಂದ್ರು. ಅಷ್ಟು ಸಾಲ್ದಾ ತಾಯಿ?"

ವನಜಾ ಹಾರೆಯನ್ನು ಜಪ್ತಿ ಪಟ್ಟಿಗೆ ಬರೆದುಕೊಂಡರು. ಇನ್ನು ದಸ್ತಗಿರಿ ಪತ್ರವನ್ನೂ ಬರೆಯಲೇಬೇಕಿತ್ತು.

ಬಚ್ಚಲ ಬಳಿಯಿಂದ ಬಸಲಿಂಗ ಕೂಗಿದ. "ಮೇಡಂ, ಇಲ್ಲೊಂದು ಡ್ರಮ್ಮಿದೆ. ಇದಕ್ಕೆ ತೂತಿಲ್ಲ!"

ಅದರ ಮೈಮೇಲೆ ಒಣಗಿದ ಅರಿಶಿನ ಕುಂಕುಮವಿತ್ತು.

"ಗಂಗಮ್ಮ ಅಂತ ಶುಕ್ರವಾರ ಶುಕ್ರವಾರ ಅವ್ಳೇ ಇಡೋಳು," ಲಕ್ಷ್ಮಯ್ಯ ಡ್ರಮ್ಮಿನ ಮೇಲೆ ಕೈಯಿಟ್ಟ. "ಅದ್ಕೆ ಮಾತ್ರ ಕೈ ಏಳ್ಲಿಲ್ಲ. ಪಕ್ಕದ್ಮನೆಯೋರು ಕೇಳ್ತಾವ್ರೆ. ಕೊಡಬ್ಯಾಡಿ ತಾಯಿ, ನೀವೇ ತಗಂಡೋಗಿ."

1.15ಕ್ಕೆ ಬಂಧನವಾಯಿತು. ಆತ ತಾನಾಗಿಯೇ ಜೀಪು ಹತ್ತಿದ. ಅಂದು ಡ್ರಮ್ಮು ಹೊತ್ತು ತಂದ ತನ್ನ ಹೆಗಲನ್ನು ಆ ಜೀವ ಕ್ಷಮಿಸಿರಲಿಲ್ಲ, ಅಷ್ಟೇ. ವನಜಾ ಡ್ರಮ್ಮನ್ನು ಲ್ಯಾಬ್ ಪರೀಕ್ಷೆಗೆ ಕಳಿಸಲು ಜಪ್ತಿ ಪಟ್ಟಿಗೆ ಸೇರಿಸಿದರು: "ನೀಲಿ ಡ್ರಮ್, ಒಂದು. ಕುಂಕುಮ ಹಚ್ಚಿದೆ. ಅಳಿಸಬಾರದು."