ಬಾಲದ ಮೇಲಿನ ನೀಲಿ

"ಇದೇನು, ಮಿಂಚುಳ್ಳಿನಾ? ಯಾರೋ ಮೇಲೆ ಕೂತು ಹಿಚುಕಿದ ಹಾಗಿದೆ."

ಬೊಗ್ನಾ ಕಂಪ್ಯೂಟರಿನ ಪರದೆಯ ಮೇಲಿನ ಹಕ್ಕಿಯ ಚಿತ್ರದಿಂದ ತಲೆಯೆತ್ತಿದಳು. ಬಾಗಿಲಲ್ಲಿ ನಿಂತವನ ಕೈಯಲ್ಲಿ ಅರ್ಧ ತಿಂದ ಗಸಗಸೆ ಬನ್ನು. ಕೆಳತುಟಿಗೆ ಅದರ ಕಾಳು ಅಂಟಿತ್ತು.

"ಬಣ್ಣದ ಕೋಣೆಯಲ್ಲಿ ತಿನ್ನಬಾರದು."

"ತಿನ್ನುತ್ತಿಲ್ಲ. ಹಿಡಿದುಕೊಂಡಿದ್ದೀನಿ." ಬನ್ನು ಬೆನ್ನ ಹಿಂದೆ ಹೋಯಿತು. "ತಿಮೋನ್. ಈ ಹಿಚುಕಿದ ಹಕ್ಕಿಯನ್ನ ಹಾರಿಸಬೇಕಾದ ಪೈಲಟ್."

"ಗ್ಲೈಡರಿನ ಮೈ ಚಪ್ಪಟೆಯಾಗಿಲ್ಲ. ಪರದೆಯಲ್ಲಿ ಸೊಟ್ಟಗಿದ್ದರೇ ಅಲ್ಲಿ ನೆಟ್ಟಗೆ ಕೂರೋದು."

ನಂಬದವನಂತೆ ಹುಬ್ಬೇರಿಸಿದ. ಅವಳು ಗುಂಡಿ ಒತ್ತಿದಳು.

ಚಿತ್ರ ಮುದ್ರಿಸುವ ರೋಬೋಟಿನ ಕೈ ಬಾಗಿತು. ಗ್ಲೈಡರಿನ ಬಿಳಿ ಮೂತಿಯಿಂದ ಒಂದು ಬೆರಳಷ್ಟು ದೂರದಲ್ಲಿ, ಅದರ ಪ್ರತಿ ಉಬ್ಬನ್ನೂ ಇಳಿಜಾರನ್ನೂ ಅನುಸರಿಸಿ ಸಾಗಿತು. ಹಾದುಹೋದಲ್ಲೆಲ್ಲ ಶಾಯಿಯ ಸಣ್ಣ ಹನಿಗಳು ಬಿದ್ದು ಕಿತ್ತಳೆ ಎದೆ ಮೂಡಿತು. ಆಮೇಲೆ ನೀಲಿ ಬೆನ್ನು. ಆಮೇಲೆ ಕಣ್ಣು.

ತಿಮೋನ್ ನಗುವುದನ್ನು ಮರೆತಿದ್ದ.

"ಮುಟ್ಟೋದೇ ಇಲ್ವಾ ಅದು?"

"ಮುಟ್ಟಿದರೆ ಕೆಡುತ್ತೆ."

"ನಿನ್ನ ಥರಾನೇ," ಅಂದ. ಅಂದವನ ಕಿವಿಯೇ ಕೆಂಪಾಯಿತು. ಅವಳು ಅದನ್ನು ನೋಡದವಳಂತೆ ನೋಡಿದಳು.

ಬೊಗ್ನಾ ಕಾರು ಕಾರ್ಖಾನೆಯೊಂದನ್ನು ಬಿಟ್ಟು ಬೆಟ್ಟದ ಬುಡದ ಈ ಕಾರ್ಖಾನೆಗೆ, ಎಂಜಿನ್ ಇಲ್ಲದೆ ಹಾರುವ ಗ್ಲೈಡರುಗಳನ್ನು ಮಾಡುವಲ್ಲಿಗೆ, ಬಂದು ಹೆಚ್ಚು ದಿನವಾಗಿರಲಿಲ್ಲ. ಚಿತ್ರ ಹೊತ್ತ ಗ್ಲೈಡರನ್ನು ಖರೀದಿದಾರರ ಮುಂದೆ ಹಾರಿಸಿ ತೋರಿಸಬೇಕೆಂಬುದು ಕಾರ್ಖಾನೆಯ ನಿರ್ದೇಶಕ ವಿಲ್ಚೆಕ್‌ನ ಆಸೆ. ಕೊನೆಗೆ ಮೇಲಿನಿಂದ ಧುಮುಕಿ, ಅವರ ತಲೆಯ ಮೇಲೆಯೇ ವೇಗವಾಗಿ ಹಾದುಹೋಗಬೇಕು. ಮಿಂಚುಳ್ಳಿ ಧುಮುಕುವ ಹಾಗೆ.

ತಿಮೋನ್‌ಗೆ ಬಣ್ಣದ ಕೋಣೆಗೆ ಬರಲು ದಿನವೂ ಒಂದು ನೆಪ ಸಿಗುತ್ತಿತ್ತು.

"ರೆಕ್ಕೆಗೂ ನೀಲಿ ಹಾಕು."

"ಗಾಢ ಬಣ್ಣ ಬಿಸಿಲು ಹೀರುತ್ತೆ. ಒಳಗಿನ ಅಂಟು ಮೆತ್ತಗಾಗುತ್ತೆ. ರೆಕ್ಕೆ ಬಿಳೀನೇ ಇರಬೇಕು."

"ಎಲ್ಲದಕ್ಕೂ ಬೇಡ ಅನ್ನೋಳು ನೀನು."

"ನೀನು ಬದುಕಿರಲಿ ಅಂತ."

ಮಾತು ಬಾಯಿಂದ ಜಾರಿದ ಮೇಲೆ ಅವಳು ಶಾಯಿಯ ಬಾಟಲಿಗಳನ್ನು ಸುಮ್ಮನೆ ಅತ್ತಿಂದಿತ್ತ ಜೋಡಿಸಿದಳು.

ಅವನು ಮೇಲೆ ಹಾರುತ್ತಿದ್ದಾಗ ಅವಳಿಗೆ ಕೆಲಸ ಸಾಗುತ್ತಿರಲಿಲ್ಲ. ಒಮ್ಮೆ ಹಾರಾಟದ ಮೈದಾನಕ್ಕೆ ಫೋನ್ ಮಾಡಿ ಮೋಡ ಕಟ್ಟುತ್ತಿದೆ, ಅವನನ್ನು ಇಳಿಸಿ ಅಂದಳು. ಇನ್ನೊಮ್ಮೆ ಗಾಳಿ ಅಂದಳು. ಮೋಡವೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಇಳಿದು ಬಂದವನು, "ಹವಾಮಾನ ಇಲಾಖೆಯವರು ಚೆನ್ನಾಗಿದ್ದಾರಾ?" ಅಂತ ಕಣ್ಣು ಕಿರಿದು ಮಾಡಿ ಕೇಳಿದ.

ಆಮೇಲೊಂದು ಸಂಜೆ ತಮಾಷೆಯಿಲ್ಲದ ದನಿಯಲ್ಲಿ ಅಂದ, "ಬೊಗ್ನಾ, ಮೇಲೆ ನಾನೊಬ್ಬನೇ ಇರ್ತೀನಿ. ಬೆನ್ನ ಹಿಂದೆ, ಬಾಲದ ಮೇಲೆ, ನಿನ್ನದು ಅಂತ ಏನಾದರೂ ಇರಲಿ." ಅವನ ಕಣ್ಣು ಅವಳ ಕೊರಳಿನ ಸ್ಕಾರ್ಫಿನ ಮೇಲಿತ್ತು. ನೀಲಿ ಬಟ್ಟೆ, ಬಿಳಿ ಚುಕ್ಕಿ.

ಅವಳಿಗೆ ಹೆದರಿಕೆಯಾಯಿತು. ಹೆದರಿದಾಗ ಅವಳ ಮಾತು ಒರಟಾಗುತ್ತಿತ್ತು. "ಇದು ಕಾರ್ಖಾನೆ. ಹೋಗು, ಕೆಲಸ ನೋಡು."

ಅವನು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಪ್ರದರ್ಶನದ ಹಿಂದಿನ ದಿನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಬೊಗ್ನಾ ಗ್ಲೈಡರನ್ನು ತಿರುಗಿಸುವ ಬಾಲದ ಚುಕ್ಕಾಣಿಯನ್ನು ರೋಬೋಟಿನ ಕೆಳಗೆ ತಂದಿಟ್ಟಳು. ತೂಗಿ, ಒಪ್ಪಿಗೆಯ ಮುದ್ರೆ ಒತ್ತಿ, ಜೋಡಿಸಲು ತಯಾರಾಗಿದ್ದ ಭಾಗ ಅದು. ತೂಗಿದ ಮೇಲೆ ಮುಟ್ಟಬಾರದೆಂದು ಅವಳಿಗೆ ಗೊತ್ತಿತ್ತು. ಶಾಯಿಗೆ ಎಷ್ಟು ತೂಕವಿದ್ದೀತು ಅಂದುಕೊಂಡಳು. ಕಾರಿನ ಬಣ್ಣವನ್ನು ಯಾರೂ ತೂಗುವುದಿಲ್ಲ.

ಮೊದಲು ಬಿಳಿಯ ತಳ. ಮೇಲೆ ನೀಲಿ. ಸ್ಕಾರ್ಫಿನ ಚುಕ್ಕಿಗಳು ಸಾಲಾಗಿ ಬಂದವು. ಹಿಂದಿನ ಅಂಚು ಮಂಕಾಗಿ ಕಂಡಿತು. ಬ್ರಷ್ ತೆಗೆದುಕೊಂಡು ವಾರ್ನಿಷ್ ಹಚ್ಚಿದಳು. ಒಣಗಿದ ಮೇಲೆ ಮತ್ತೊಮ್ಮೆ ಹಚ್ಚಿದಳು. ಚೆನ್ನಾಗಿ ಕಾಣಲಿ ಎಂಬ ಆಸೆಗೆ ಮಿತಿಯಿರಲಿಲ್ಲ. ಸಂಜೆ ಜೋಡಿಸುವವರು ಮುದ್ರೆಯನ್ನಷ್ಟೇ ನೋಡಿ ಅದನ್ನು ಬಾಲಕ್ಕೆ ಕೂರಿಸಿದರು.

ಮರುದಿನ ಬೆಟ್ಟದಿಂದ ಬಿಸಿಗಾಳಿ ಇಳಿಯಿತು. ಆ ಗಾಳಿ ಬೀಸಿದರೆ ಊರಲ್ಲಿ ಎಲ್ಲರಿಗೂ ತಲೆ ಭಾರ. ಗಂಡ ಹೆಂಡಿರು ಕಾರಣವಿಲ್ಲದೆ ಜಗಳವಾಡುತ್ತಾರೆ, ನಾಯಿಗಳು ಮೂಲೆ ಸೇರುತ್ತವೆ. ಮೈದಾನದಲ್ಲಿ ಅತಿಥಿಗಳ ಟೋಪಿಗಳು ಹಾರುತ್ತಿದ್ದವು.

ತಿಮೋನ್ ಗ್ಲೈಡರನ್ನು ಒಂದು ಸುತ್ತು ಬಂದ. ಬಾಲದ ಬಳಿ ನಿಂತ. ಚುಕ್ಕಾಣಿಯನ್ನು ನೋಡಿದ, ಅವಳ ಸ್ಕಾರ್ಫ್ ನೋಡಿದ, ಆಮೇಲೆ ಅವಳ ಮುಖ. ತುಟಿಯ ಒಂದು ತುದಿ ಮಾತ್ರ ಮೇಲೆ ಹೋಯಿತು.

"ಇಳಿದ ಮೇಲೆ ಮಾತಾಡ್ತೀನಿ," ಅಂದ.

ಎಳೆಯುವ ವಿಮಾನ ಅವನ ಗ್ಲೈಡರನ್ನು ಹಗ್ಗ ಕಟ್ಟಿ ಮೇಲಕ್ಕೆ ಒಯ್ದಿತು. ಹಗ್ಗ ಕಳಚಿತು. ಬಿಳಿ ರೆಕ್ಕೆ ಬೆಟ್ಟದ ಮೇಲೆ ಸುತ್ತತೊಡಗಿತು.

ಪಕ್ಕದಲ್ಲಿ ನಿಂತಿದ್ದ ದನುತಾ ಭಾಗಗಳನ್ನೆಲ್ಲ ತೂಗಿ ಒಪ್ಪಿಗೆ ಕೊಡುವ ಎಂಜಿನಿಯರ್. "ಬಾಲದ ನೀಲಿ ಚೆನ್ನಾಗಿದೆ ಕಣೇ," ಅಂದಳು. ಆಮೇಲೆ, "ನಾನು ತೂಗಿದಾಗ ಇರಲಿಲ್ವಲ್ಲ. ಮತ್ತೆ ಯಾರು ತೂಗಿದ್ರು?"

ಬೊಗ್ನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಿಳಿಯ ತಳ, ನೀಲಿ, ಎರಡು ಸಲ ವಾರ್ನಿಷ್. ಎಲ್ಲವೂ ಚುಕ್ಕಾಣಿ ತಿರುಗುವ ಕೀಲಿನ ಹಿಂದೆ. ಹಿಂಭಾರ ಹೆಚ್ಚಾದ ಚುಕ್ಕಾಣಿ ವೇಗದಲ್ಲಿ ಬಾವುಟದಂತೆ ಬಡಿಯುತ್ತದೆ. ಬಡಿತ ಶುರುವಾದರೆ ಬಾಲ ಉಳಿಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಹೇಳಿಕೊಟ್ಟಿದ್ದರು.

ಅವಳು ಓಡಿದಳು. ರೇಡಿಯೋ ಮೇಜಿನ ಬಳಿ ವಿಲ್ಚೆಕ್ ಅತಿಥಿಗಳೊಂದಿಗೆ ನಗುತ್ತಿದ್ದ. ಅವನ ಮುಂದಿನಿಂದಲೇ ಮೈಕ್ ಕಿತ್ತುಕೊಂಡಳು.

"ತಿಮೋನ್, ಧುಮುಕಬೇಡ. ನಿಧಾನವಾಗಿ ಇಳಿದು ಬಾ."

"ಹವಾಮಾನ ಇಲಾಖೆನಾ?" ಸ್ಪೀಕರಿನಲ್ಲಿ ನಗು. ಅತಿಥಿಗಳೂ ನಕ್ಕರು. "ಸುಮ್ಮನಿರು ಮಾರಾಯ್ತಿ. ಮೂತಿ ಕೆಳಗೆ ಮಾಡ್ತಿದ್ದೀನಿ, ನೋಡು."

ಮೇಲೆ ಬಿಳಿ ಗೆರೆ ಬಾಗಿತು. ವಿಲ್ಚೆಕ್ ಅವಳ ಮಣಿಕಟ್ಟು ಹಿಡಿದ. "ಏನಮ್ಮ ಇದು, ತಲೆ ಕೆಟ್ಟಿದೆಯಾ?" ಅವಳು ಕೊಸರಿಕೊಂಡಳು.

"ಇವತ್ತು ಸುಳ್ಳಲ್ಲ! ಚುಕ್ಕಾಣಿ ತೂಗಿದ ಮೇಲೆ ನಾನು ಬಣ್ಣ ಹಾಕಿದ್ದೀನಿ. ವಾರ್ನಿಷ್ ಹಚ್ಚಿದ್ದೀನಿ. ಯಾರಿಗೂ ಹೇಳಿಲ್ಲ, ಮತ್ತೆ ತೂಗಿಸಿಲ್ಲ."

"ಯಾಕೆ?" ಸ್ಪೀಕರಿನಲ್ಲಿ ತಿಮೋನ್ ಕೇಳಿದ.

"ನೀನು ಕೇಳಿದ್ದೆಯಲ್ಲ. ನಾನು ಬೈದು ಕಳಿಸಿದೆ. ನೀನು ಬರೋದು ಬಿಟ್ಟೆ. ನಂಗೆ ತಡೆಯೋಕಾಗಲಿಲ್ಲ ಕಣೋ. ನಂಗೆ ನೀನು ಬೇಕು. ಮೂತಿ ಎತ್ತು!"

ಯಾರೂ ನಗಲಿಲ್ಲ. ಸ್ಪೀಕರಿನಲ್ಲಿ ಗಾಳಿಯ ಸದ್ದು ಮಾತ್ರ. ಆಮೇಲೆ ಒಂದು ಗುಂಯ್‌ಗುಡುವಿಕೆ. ಅವನ ದನಿ ಬದಲಾಗಿತ್ತು.

"ಚುಕ್ಕಾಣಿಯ ಪೆಡಲ್ ಒದೀತಿದೆ. ಕಾಲು ನಿಲ್ಲುತ್ತಿಲ್ಲ."

"ವೇಗ ಇಳಿಸು," ದನುತಾ ಅವಳ ಹೆಗಲ ಮೇಲಿಂದ ಕೂಗಿದಳು. "ಮೆಲ್ಲಗೆ ಎತ್ತು, ಎಳೆದಾಡಬೇಡ. ಪೆಡಲ್ ಎರಡೂ ಒತ್ತಿ ಹಿಡಿ."

ಬಿಳಿ ಗೆರೆ ಸಪಾಟಾಯಿತು. ತುಸು ಮೇಲೆದ್ದಿತು. ಬಾಲ ಇನ್ನೂ ಇತ್ತು. ಬೊಗ್ನಾ ಉಸಿರಾಡಿದ್ದು ಅದು ಹುಲ್ಲಿನ ಮೇಲೆ ಜಾರಿ, ಒಂದು ರೆಕ್ಕೆಗೆ ವಾಲಿ ನಿಂತ ಮೇಲೆ.

ಎಲ್ಲರಿಗಿಂತ ಮೊದಲು ಅವಳು ತಲುಪಿದಳು. ತಿಮೋನ್ ಹೊರಗೆ ಬಂದು ಹುಲ್ಲಿನ ಮೇಲೆ ಕುಸಿದು ಕೂತಿದ್ದ. ಅವನ ಕಾಲುಗಳು ಪೆಡಲ್ ಮೇಲೇ ಇದ್ದ ಹಾಗೆ ನಡುಗುತ್ತಿದ್ದವು. ಅವಳು ಮಂಡಿಯೂರಿ ಅವನ ಮೊಣಕಾಲುಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಅವನನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಸಾಯಿಸಿಬಿಡ್ತಿದ್ದೆ ಕಣೇ ನನ್ನನ್ನ."

"ಹೂಂ."

"ಹತ್ತು ಜನರ ಎದುರು ಹೇಳಿದೆ. ನಾನೊಬ್ಬನೇ ಕೇಳಿದಾಗ ಬೈದೆ."

"ಹೂಂ."

"ಹೂಂ ಅನ್ನೋದು ಬಿಟ್ಟು ಬೇರೆ ಏನಾದರೂ ಹೇಳು."

"ಕೋಪ ಬರ್ತಿಲ್ವಾ?"

"ಬರ್ತಿದೆ. ತುಂಬಾ ಬರ್ತಿದೆ. ಆದ್ರೂ ಕೈ ತೆಗೀಬೇಡ."

ದನುತಾ ಆಗಲೇ ಚುಕ್ಕಾಣಿಯನ್ನು ಬಿಚ್ಚಲು ಶುರುಮಾಡಿದ್ದಳು. ದೂರದಿಂದ ವಿಲ್ಚೆಕ್ ನಡೆದುಬರುತ್ತಿದ್ದ. ಅವಸರವಿಲ್ಲದ ನಡಿಗೆ. ಅವನು ಏನು ಹೇಳುತ್ತಾನೆಂದು ಬೊಗ್ನಾಳಿಗೆ ಗೊತ್ತಿತ್ತು.

"ನನ್ನ ಕೆಲಸ ಹೋಯ್ತು," ಅಂದಳು. "ಹೋಗಬೇಕಾದ್ದೇ."

"ಊರು ಬಿಡ್ತೀಯಾ?"

ಬೆಟ್ಟದಿಂದ ಇನ್ನೊಂದು ಬಿಸಿ ಅಲೆ ಬಂತು. ಖಾಲಿ ಗ್ಲೈಡರ್ ತಾನಾಗಿಯೇ ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ವಾಲಿತು. ಇಬ್ಬರೂ ಒಟ್ಟಿಗೇ ಆಕಾಶ ನೋಡಿದರು. ಅವನ ಕಣ್ಣು ಅಲ್ಲಿಂದ ಕೆಳಗಿಳಿಯಲು ತಡವಾಯಿತು. ಅವಳು ಅದನ್ನೂ ಕಂಡಳು.

"ಮತ್ತೆ ಹಾರ್ತೀಯಾ?"

ಅವನು ಸುಳ್ಳು ಹೇಳಬಹುದಿತ್ತು. "ಹಾರ್ತೀನಿ."

ಅಂಗೈ ಕೆಳಗೆ ನಡುಕ ನಿಂತಿರಲಿಲ್ಲ. ಅವಳು ಇನ್ನೂ ಸ್ವಲ್ಪ ಬಲವಾಗಿ ಒತ್ತಿದಳು.

"ಹಾಗಾದ್ರೆ ಊರಲ್ಲೇ ಇರ್ತೀನಿ," ಅಂದಳು.